ಆಮೆಗೆ ಮೀಸೆ ಬಂದದ್ದು

ಕಾರವಾರ
8-1-2003

ಜಹನಾರಾ ಆಪಾ ಅವರಿಗೆ ಹುಲಿಗೆಪ್ಪನ ಸಲಾಮು, ನಮಸ್ಕಾರ, ಎರಡೂ.

ನಾವು ಕ್ಷೇಮವಾಗಿ ಕಾರವಾರ ಮುಟ್ಟಿದೆವು. ವ್ಯಾನು ನಮ್ಮಷ್ಟು ಕ್ಷೇಮವಾಗಿಲ್ಲ. ಘಟ್ಟ ಇಳಿಯುವಾಗ ನಿಮ್ಮ ತಂಗಿ ಮಗ ಅಕ್ತರ್ ಬ್ರೇಕು ತುಳಿದಷ್ಟೂ ಹೊಗೆ ಬಂತು. ಅವನು ಬಿಸ್ಮಿಲ್ಲಾ ಅಂದ, ನಾನು ಹುಲಿಗೆಮ್ಮಾ ಅಂದೆ. ಯಾರ ಮಾತು ನಡೆಯಿತೋ ಗೊತ್ತಿಲ್ಲ, ವ್ಯಾನು ನಿಂತಿತು.

ಫೋನು ಮಾಡದೆ ಕಾಗದ ಬರೆಯುತ್ತಿದ್ದೇನೆಂದು ಬೇಜಾರು ಮಾಡಿಕೊಳ್ಳಬೇಡಿ. ಎದುರು ಕೂತರೆ ನಿಮ್ಮ ಕಿವಿಗೆ ಏನೂ ತೊಂದರೆಯಿಲ್ಲ. ಆದರೆ ಎಸ್.ಟಿ.ಡಿ. ಬೂತಿನಿಂದ ಕೂಗಿದರೆ ನಿಮಗೊಬ್ಬರಿಗೆ ಕೇಳಿಸುವುದಿಲ್ಲ, ಊರಿಗೆಲ್ಲ ಕೇಳಿಸುತ್ತದೆ. ನಾವು ಹೋಗುವ ಊರುಗಳ ಪಟ್ಟಿ ನಿಮ್ಮ ಹತ್ತಿರ ಇದೆಯಲ್ಲ, ಆಯಾ ಊರಿನ ಪೋಸ್ಟ್ ಆಫೀಸಿಗೆ ನನ್ನ ಹೆಸರು ಹಾಕಿ ಬರೆಯಿರಿ. ಹೋಗಿ ಇಸಕೊಳ್ಳುತ್ತೇನೆ.

ಸಮುದ್ರ ನೋಡಿದೆ. ನಲವತ್ಮೂರು ವರ್ಷದಲ್ಲಿ ಇದೇ ಮೊದಲು. ಸಿನಿಮಾ ಬ್ಯಾನರುಗಳಲ್ಲಿ ಹೀರೋಯಿನ್ನುಗಳ ಬೆನ್ನ ಹಿಂದೆ ನಾನೇ ಐವತ್ತು ಸಲ ಸಮುದ್ರ ಬರೆದಿದ್ದೇನೆ, ಎಲ್ಲ ಸಲವೂ ನೀಲಿ. ಇಲ್ಲಿ ಬೆಳಗ್ಗೆ ನೋಡಿದರೆ ಹಾಲು ಕಡಿಮೆ ಬಿದ್ದ ಚಹಾದ ಬಣ್ಣ. ಖರೆ ಹೇಳಬೇಕೆಂದರೆ ನಿಮ್ಮ ಯಜಮಾನರು, ನಮ್ಮ ನಜೀರ್ ಉಸ್ತಾದರು ಬರೆಸುತ್ತಿದ್ದ ಸಮುದ್ರವೇ ಚೆನ್ನಾಗಿತ್ತು.

ಪ್ರಾಣಿ ಉಳಿಸಿ ಎನ್ನುವ ಬೋರ್ಡುಗಳಲ್ಲಿ ಮೊದಲನೆಯದು ಡಾಲ್ಫಿನ್ನಿನದು. ಟ್ರಸ್ಟಿನವರು ಕೊಟ್ಟ ಫೋಟೋದಲ್ಲಿ ಹೇಗಿತ್ತೋ ಹಾಗೇ ಬರೆದೆ. ಮುಗಿಯುವ ಹೊತ್ತಿಗೆ ಎರಡು ಬಸ್ಸು ನಿಂತವು. ಒಬ್ಬರು ಯಾವಾಗ ರಿಲೀಸು ಎಂದು ಕೇಳಿದರು. ಈ ಕಡೆಯ ಜನಕ್ಕೆ ಪ್ರಾಣಿಗಳ ಮೇಲೆ ಬಹಳ ಅಭಿಮಾನ.

ಇಂತಿ
ಹುಲಿಗೆಪ್ಪ

ಶಿವಾಜಿನಗರ
14-1-2003
(ಹೊನ್ನಾವರ ಪೋಸ್ಟ್ ಆಫೀಸಿಗೆ)

ಹುಲಿಗೆಪ್ಪನಿಗೆ,

ನಿನ್ನ ಕಾಗದ ಬಂತು. ಮೂರು ಸಲ ಓದಿದೆ, ಪ್ರೀತಿಯಿಂದಲ್ಲ. ನಿನ್ನ ಅಕ್ಷರಗಳು ಒಂದೊಂದೂ ಬಾಲ ಬಿಟ್ಟುಕೊಂಡು ಪಕ್ಕದ ಅಕ್ಷರದ ಮೇಲೆ ಬಿದ್ದಿರುತ್ತವೆ. ನಾನು ಹೊಸಪೇಟೆಯ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವಳು, ಆದ್ದರಿಂದ ಹೇಗೋ ದಾಟಿದೆ.

ನೀನು ಹೋದ ಮೂರನೇ ದಿನ ದತ್ತು ಬಂದಿದ್ದ. ಕಮರ್ಷಿಯಲ್ ಸ್ಟ್ರೀಟಿನ ಫ್ಲೆಕ್ಸ್ ದತ್ತು. ಟೇಪು ಹಿಡಿದು ರಸೆಲ್ ಮಾರುಕಟ್ಟೆ ಹಿಂದಿನ ನಮ್ಮ ಶೆಡ್ಡನ್ನು ಅಳೆದ. ಮೆಷಿನ್ನು ಇಲ್ಲಿ, ಎ.ಸಿ. ಅಲ್ಲಿ ಎಂದು ಸೀಮೆಸುಣ್ಣದಲ್ಲಿ ಗೀಚಿದ. "ಅಮ್ಮಾ, ಬ್ರಷ್ ಕಾಲ ಮುಗ್ದೋಯ್ತು. ನಿಮ್ಮವ್ರು ಒಂದ್ ವಾರ ಮಾಡೋದನ್ನ ನಮ್ ಮೆಷಿನ್ನು ಒಂದ್ ಗಂಟೇಲಿ ಉಗುಳ್ಬಿಡತ್ತೆ," ಅಂದ. ಚಹಾ ಕೊಟ್ಟೆ, ಸಕ್ಕರೆ ಹಾಕಲಿಲ್ಲ.

ನಿನಗೆ ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ. ಸಿನಿಮಾದವರು ನಮಗೆ ಬ್ಯಾನರು ಕೊಡುವುದು ನಿಲ್ಲಿಸಿ ಒಂದು ವರ್ಷವಾಯಿತು. ಈಗ ಇರುವುದು ಇಂದಿರಾನಗರದ ಕಡಲಂಚು ಟ್ರಸ್ಟಿನ ಈ ಒಂಬತ್ತು ಬೋರ್ಡು ಮಾತ್ರ. ಅವು ಪಾಸಾದರೆ ಮುಂದಿನ ಎರಡು ವರ್ಷದ ಕೆಲಸ ನಮ್ಮದು, ಶೆಡ್ಡು ಉಳಿಯುತ್ತದೆ. ಪಾಸಾಗದಿದ್ದರೆ ಮಾರ್ಚ್ ಒಂದಕ್ಕೆ ಬೀಗದ ಕೈ ದತ್ತುವಿಗೆ. ನಾನು, ನೀನು, ಅಕ್ತರನ ವ್ಯಾನು, ಎಲ್ಲರೂ ಬೀದಿಗೆ. ವ್ಯಾನು ಈಗಾಗಲೇ ಬೀದಿಯಲ್ಲಿದೆ ಎಂದು ಜಾಣತನ ಮಾಡಬೇಡ.

ಪಾಸು ಮಾಡುವವಳು ಟ್ರಸ್ಟಿನ ವೈಷ್ಣವಿ. ಒಳ್ಳೆಯ ಹುಡುಗಿ, ಆದರೆ ಪ್ರಾಣಿಗಳ ವಿಷಯದಲ್ಲಿ ಅವಳಿಗೆ ತಮಾಷೆ ಆಗದು. ಹಲ್ಲೆಷ್ಟು, ಬೆರಳೆಷ್ಟು ಎಂದು ಎಣಿಸುತ್ತಾಳೆ. ಆದ್ದರಿಂದ ಫೋಟೋದಲ್ಲಿ ಇದ್ದ ಹಾಗೆ. ನೀನು ಕೆ.ಆರ್. ಪುರದ ಕುರಿ ಡಾಕ್ಟರಿಗೆ ಬರೆದುಕೊಟ್ಟ ಬೋರ್ಡು ನಾನು ಮರೆತಿಲ್ಲ. ಆ ಕುರಿಯ ತುಟಿಗೆ ಬಣ್ಣ ಇತ್ತು.

ಜಹನಾರಾ

ಹೊನ್ನಾವರ
21-1-2003

ಆಪಾ ಅವರಿಗೆ,

ಕಾಗದ ಸಿಕ್ಕಿತು. ಕುರಿಯ ಮಾತು ಎತ್ತಿದ್ದಕ್ಕೆ ನೋವಾಯಿತು. ಅದಕ್ಕೆ ಬಾಯಿಹುಣ್ಣು ಇತ್ತು ಎಂದು ಡಾಕ್ಟರೇ ಹೇಳಿದ್ದರು.

ಐದು ಬೋರ್ಡು ಮುಗಿದವು. ಗೋಕರ್ಣದಲ್ಲಿ ಒಂದು ಮಂಗ ನನ್ನ ಕೆಂಪು ಡಬ್ಬಿ ಎತ್ತಿಕೊಂಡು ಹೋಗಿ, ನಾವು ಇಳಿದಿದ್ದ ಲಾಡ್ಜಿನ ಗೋಡೆಯ ತುಂಬ ಕೈ ಒತ್ತಿತು. ಮಾಲೀಕರು ಒರೆಸಿ ಕೊಡಿ ಅಂದರು, ಅರ್ಧ ದಿನ ಒರೆಸಿದೆ. ಅಕ್ತರ್ ಪಕ್ಕದಲ್ಲಿ ನಿಂತು, "ಗುರು, ನಿನ್ ಲೈನ್‌ಗಿಂತ ಅದರ ಲೈನೇ ಸ್ಟ್ರಾಂಗಾಗಿದೆ," ಅಂದ. ಅವನ ವಿಷಯ ಕೇಳಿ. ಶಿವಾಜಿನಗರದಲ್ಲಿ ಹುಟ್ಟಿ ಬೆಳೆದವನು, ಮೀನಿನ ಮುಳ್ಳಿಗೆ ಹೆದರಿ ಎರಡು ವಾರದಿಂದ ಆಮ್ಲೆಟ್ಟಿನ ಮೇಲೆ ಜೀವ ಹಿಡಿದಿದ್ದಾನೆ. ಮೀನಿನ ಊರಿನಲ್ಲಿ ಆಮ್ಲೆಟ್ಟು ಕೇಳಿದರೆ ಹೋಟೆಲಿನವರು ಇವನಿಗೆ ಮೈ ಸರಿಯಿಲ್ಲವೇ ಎಂದು ವಿಚಾರಿಸುತ್ತಾರೆ.

ಕುಮಟಾ ಹತ್ತಿರ ಹೊಳೆ ದಂಡೆಯಲ್ಲಿ ನಿಜವಾದ ನೀರುನಾಯಿ ನೋಡಿದೆ. ಏಡಿ ತಿನ್ನುತ್ತ ಕೂತಿತ್ತು. ನನ್ನನ್ನು ನೋಡಿದ ರೀತಿ ಥೇಟ್ ಥಿಯೇಟರ್ ಮ್ಯಾನೇಜರಿನದು, ಪಾಸು ತೋರಿಸು ಎನ್ನುವ ಹಾಗೆ. ಬೋರ್ಡಿನಲ್ಲಿ ಅದನ್ನು ಚೆನ್ನಾಗಿ ಹಿಡಿದಿದ್ದೇನೆ. ಕೆನ್ನೆಗೆ ಎಳ್ಳಷ್ಟು ಗುಲಾಬಿ ಹಾಕಿದೆ, ಎಳ್ಳಷ್ಟೇ. ಕಾಲೇಜು ಹುಡುಗಿಯರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಎಲ್ಲ ಕಡೆ ಜನವೋ ಜನ.

ನೀವು ದತ್ತುವಿಗೆ ಚಹಾ ಕೊಡಬೇಡಿ, ಸಕ್ಕರೆ ಇಲ್ಲದ್ದೂ ಬೇಡ.

ಹುಲಿಗೆಪ್ಪ

ಶಿವಾಜಿನಗರ
27-1-2003
(ಭಟ್ಕಳ ಪೋಸ್ಟ್ ಆಫೀಸಿಗೆ)

ಹುಲಿಗೆಪ್ಪನಿಗೆ,

ನಿನ್ನ ಮೇಲೆ ಸಂಶಯ ಪಟ್ಟಿದ್ದೆ, ತಪ್ಪಾಯಿತು. ಜನ ಹೀಗೆ ಮುಗಿಬೀಳುತ್ತಾರೆ ಎಂದರೆ ಪ್ರಾಣಿಗಳು ಅಷ್ಟು ನಿಜದ ಹಾಗೆ ಬಂದಿವೆ ಎಂದೇ ಅರ್ಥ. ಮೊನ್ನೆ ಇಂದಿರಾನಗರಕ್ಕೆ ಆಟೋ ಮಾಡಿಕೊಂಡು ಹೋಗಿ ವೈಷ್ಣವಿಗೆ ನಿನ್ನ ಕಾಗದ ಓದಿ ಹೇಳಿದೆ. ನೀರುನಾಯಿ ಏಡಿ ತಿನ್ನುವುದನ್ನು ನೋಡಿ ಬರೆದಿದ್ದಾರೆ ಎಂದು ಅವಳಿಗೆ ಬಹಳ ಖುಷಿ. "ಫೀಲ್ಡ್ ಅಬ್ಸರ್ವೇಶನ್ ಮಾಡ್ತಿದಾರಲ್ಲ ಅಮ್ಮಾ, ನಮ್ ಆಫೀಸ್‌ನಲ್ಲೇ ಯಾರೂ ಮಾಡಲ್ಲ," ಅಂದಳು.

ಗುಲಾಬಿಯ ವಿಷಯ ಓದುವಾಗ ಸ್ವಲ್ಪ ಕೆಮ್ಮಿದೆ. ನೀರುನಾಯಿಯ ಕೆನ್ನೆ ಬಿಸಿಲಿಗೆ ಕೆಂಪಾಗುತ್ತದೆಯೋ ಏನೋ, ನಾನು ಕಂಡವಳಲ್ಲ.

ಮುಖ್ಯ ಸಂಗತಿ ಕೇಳು. ಅವಳು ಫೆಬ್ರವರಿ ಏಳಕ್ಕೆ ಮರವಂತೆಗೆ ಬರುತ್ತಾಳೆ. ಆಮೆಯ ಬೋರ್ಡನ್ನು ತಾನೇ ನೋಡಿ ಪಾಸು ಮಾಡುತ್ತಾಳಂತೆ. ಅಂಗಿ ಒಗೆದು ಹಾಕಿಕೋ.

ಇನ್ನೊಂದು ಮಾತು. ಕೆನ್ನೆಯ ಸುದ್ದಿ ಬರೆದೆ, ಕಣ್ಣಿನ ಸುದ್ದಿ ಬರೆಯಲಿಲ್ಲ. ಕಣ್ಣು ಹೇಗೆ ಬರೆಯುತ್ತಿದ್ದೀ?

ಜಹನಾರಾ

ಮರವಂತೆ
3-2-2003

ಆಪಾ ಅವರಿಗೆ,

ಭಟ್ಕಳದಲ್ಲಿ ಬೋರ್ಡಿನ ಕಂಬ ನೆಟ್ಟಿರಲಿಲ್ಲ. ಅಲ್ಲಿ ಇಳಿಯದೆ ಹೋದ ತಿಂಗಳು ಇಪ್ಪತ್ತೈದಕ್ಕೇ ನೇರವಾಗಿ ಇಲ್ಲಿಗೆ ಬಂದೆವು. ನಿಮ್ಮ ಕಾಗದ ಬಂದಿಲ್ಲ. ಸಿಟ್ಟಾಗಿದ್ದೀರಿ ಎಂದುಕೊಂಡಿದ್ದೇನೆ. ಅದಕ್ಕೇ ಎಲ್ಲ ಒಪ್ಪಿಸಿಬಿಡುತ್ತೇನೆ.

ಆಪಾ, ಫೋಟೋದಲ್ಲಿದ್ದ ಹಾಗೆ ಒಂದೂ ಬಂದಿಲ್ಲ. ಡಾಲ್ಫಿನ್ನಿಗೆ ರೆಪ್ಪೆಗೂದಲು ಇದೆ. ಗೋಕರ್ಣದ ಬೋರ್ಡಿನ ಮಂಗನಿಗೆ ಗಲ್ಲದ ಕೆಳಗೆ ನೀಲಿ ನೆರಳು ಬಿದ್ದು ಖಳನಾಯಕನ ಹಾಗಾಗಿದೆ. ನೀರುನಾಯಿಗೆ ಹಾಕಿದ್ದು ಎಳ್ಳಷ್ಟಲ್ಲ, ಅರ್ಧ ಡಬ್ಬಿ. ಮತ್ತು ಇಲ್ಲಿಯ ಆಮೆಗೆ ಮೀಸೆ ಬಂದಿದೆ.

ನಾನು ಬೇಕೆಂದು ಮಾಡಿದ್ದಲ್ಲ. ನಿಮಗೆ ಗೊತ್ತಲ್ಲ, ನಮ್ಮ ಶೆಡ್ಡಿನಲ್ಲಿ ಅಂಗಿ, ಕೈಕಾಲು, ಬಂದೂಕು, ಬೆಂಕಿ ಎಲ್ಲ ನಮ್ಮದು, ಕಣ್ಣು ಮಾತ್ರ ಉಸ್ತಾದರದ್ದು. ಗುರುವಾರ ಸಂಜೆ ಕಣ್ಣಿಲ್ಲದ ಮುಖ ಬಿಟ್ಟು ಹೋಗುತ್ತಿದ್ದೆವು. ಶುಕ್ರವಾರ ಮಧ್ಯಾಹ್ನ ಪರದೆ ಎಳೆದು ನಮಗೆಲ್ಲ ರಜೆ. ಬುತ್ತಿ ತರುವ ನಿಮ್ಮನ್ನು ಬಿಟ್ಟರೆ ಯಾರೂ ಒಳಗೆ ಹೋಗಬಾರದು. ಶನಿವಾರ ಬಂದು ನೋಡಿದರೆ ಮುಖ ನಮ್ಮನ್ನೇ ನೋಡುತ್ತಿರುತ್ತಿತ್ತು. ಇಪ್ಪತ್ತಾರು ವರ್ಷ ಆ ಕಣ್ಣುಗಳನ್ನೇ ನೋಡಿದವನು ನಾನು. ಅವರು ತೀರಿಕೊಂಡ ಮೇಲೆ ಕಣ್ಣು ನನ್ನ ಪಾಲಿಗೆ ಬಂತು. ನನ್ನ ಕೈಗೆ ಅದೊಂದೇ ಕಣ್ಣು ಬರುವುದು. ಕಣ್ಣು ಹಾಗೆ ಬಂದ ಮೇಲೆ ಹುಬ್ಬು ಕೇಳುತ್ತದೆ, ಹುಬ್ಬು ಬಂದ ಮೇಲೆ ಮೀಸೆ ಕೇಳುತ್ತದೆ.

ಆಮೆಯ ವಿಷಯದಲ್ಲಿ ಇನ್ನೊಂದು ಎಡವಟ್ಟು. ಏಣಿಯ ಎದುರು ದಿನವಿಡೀ ಮುತ್ತಣ್ಣ ಎಂಬ ಮೀನುಗಾರ ಕೂತು ನೋಡುತ್ತಿದ್ದ. ದೊಡ್ಡ ಮೀಸೆ, ಕುತ್ತಿಗೆ ಚಾಚಿ ನೋಡುವ ಅಭ್ಯಾಸ. ಕೈ ಅವನ ಮುಖವನ್ನೇ ಹಿಡಿದುಬಿಟ್ಟಿತು. ಮುಗಿಸಿ ಇಳಿದರೆ ಊರೆಲ್ಲ ನಗುತ್ತಿದೆ. ಆಮೇಲೆ ತಿಳಿಯಿತು, ಈ ದಂಡೆಯಲ್ಲಿ ಆಮೆಯ ಮೊಟ್ಟೆ ಅಗೆದು ಒಯ್ಯುವುದರಲ್ಲಿ ಅವನೇ ನಂಬರ್ ಒನ್ನು. ಯಾವ ಬೋರ್ಡಿನಲ್ಲಿ ಮೊಟ್ಟೆ ಮುಟ್ಟಬೇಡಿ ಎಂದು ಬರೆದಿದ್ದೇನೋ, ಅದರ ಮೇಲೆ ಕಳ್ಳನದೇ ಮುಖ.

ನೀವು ಅಳಿಸು ಎಂದರೆ ಅಳಿಸುತ್ತೇನೆ. ಶೆಡ್ಡು ಹೋದರೆ ನನ್ನಿಂದಲೇ ಹೋಯಿತು ಎಂದಾಗುತ್ತದೆ, ಅದನ್ನು ತಡೆದುಕೊಳ್ಳುವ ಶಕ್ತಿ ನನಗಿಲ್ಲ.

ಹುಲಿಗೆಪ್ಪ

ಶಿವಾಜಿನಗರ
6-2-2003
(ಮರವಂತೆ ಪೋಸ್ಟ್ ಆಫೀಸಿಗೆ)

ಹುಲಿಗೆಪ್ಪ,

ಮೀಸೆ ಅಳಿಸು.

ನಾಳೆ ವೈಷ್ಣವಿ ಅಲ್ಲಿರುತ್ತಾಳೆ. ಆ ಸುದ್ದಿಯ ಕಾಗದ ಭಟ್ಕಳದಲ್ಲಿ ನಿನಗಾಗಿ ಕಾದು ಕೂತಿದೆ. ಇದು ನಿನ್ನ ಕೈ ಸೇರುವಷ್ಟರಲ್ಲಿ ಆಗುವುದೆಲ್ಲ ಆಗಿರುತ್ತದೆ, ಗೊತ್ತು. ಆದರೂ ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ತಂತಿ ಕೊಡೋಣವೆಂದು ಓಡಿದೆ. ಕೌಂಟರಿನವನು "ಮೀಸೆ ಅಳಿಸು" ಎಂದು ಓದಿ ನನ್ನ ಮುಖ ನೋಡಿದ. "ಯಾರಿಗಮ್ಮಾ ಮೀಸೆ?" ಅಂದ. "ಆಮೆಗೆ" ಅಂದೆ. "ಅಡ್ರೆಸ್ ಹೇಳಿ" ಅಂದ. "ಮರವಂತೆ, ಸಮುದ್ರದ ದಂಡೆ, ಏಣಿ ಮೇಲೆ" ಅಂದೆ. ನೀರು ಕುಡಿಯಿರಿ ಎಂದು ಕುರ್ಚಿ ಕೊಟ್ಟ.

ದತ್ತು ಮತ್ತೆ ಬಂದಿದ್ದ. ಈ ಸಲ ಎ.ಸಿ.ಯವನನ್ನೂ ಕರೆತಂದಿದ್ದ.

ಜಹನಾರಾ

ಮರವಂತೆ
9-2-2003

ಆಪಾ ಅವರಿಗೆ,

ನಿಮ್ಮ ಆರನೇ ತಾರೀಖಿನ ಕಾಗದ ನಿನ್ನೆ ಸಿಕ್ಕಿತು. ಮೊನ್ನೆಯೇ ವೈಷ್ಣವಿ ಮೇಡಂ ಬಂದು ಹೋದರು. ನನ್ನ ಅಂಗಿಯೂ ಒಗೆದಿರಲಿಲ್ಲ.

ಜೀಪಿನಿಂದ ಇಳಿದು ಬೋರ್ಡಿನ ಮುಂದೆ ನಿಂತರು. ಈ ಊರಿನಲ್ಲಿ ರಸ್ತೆಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ಓಡಿಹೋಗಲು ಜಾಗವೇ ಇಲ್ಲ. ಆಮೇಲೆ ಮೆಲ್ಲಗೆ, "ಹುಲಿಗೆಪ್ಪ ಅವ್ರೇ, ಆಮೆಗೆ ಐಬ್ರೋ ಇರಲ್ಲ," ಅಂದರು. ಹೌದು ಮೇಡಂ ಅಂದೆ. "ಕೆನ್ನೆ ಇರಲ್ಲ." ಹೌದು ಮೇಡಂ. "ಮೀಸೆ..." ಎಂದವರು ಕನ್ನಡಕ ತೆಗೆದು ಒರೆಸಿಕೊಂಡರು. "ಇದು ಸೈನ್ಸ್‌ಗೆ ಅವಮಾನ. ದಯವಿಟ್ಟು ಅಳಿಸ್ಬಿಡಿ. ನಾನಿರೋವಾಗ್ಲೇ."

ನಾನು ಟರ್ಪೆಂಟೈನು ಹಿಡಿದು ಏಣಿ ಹತ್ತಿದೆ. ಶೆಡ್ಡಿನ ಬಾಗಿಲು ಮುಚ್ಚಿದ ಸದ್ದು ಅಲ್ಲಿಂದಲೇ ಕೇಳಿದಂತಾಯಿತು. ಅಷ್ಟರಲ್ಲಿ ಏಣಿ ಅಲುಗಾಡಿತು. ಕೆಳಗೆ ನೋಡಿದರೆ ಮುತ್ತಣ್ಣ ಅದನ್ನು ತಬ್ಬಿಕೊಂಡು ನಿಂತಿದ್ದಾನೆ. "ಹ್ವಾಯ್, ಅದ್ನ ಅಳ್ಸುಕಾಗ. ಅದ್ ನನ್ ಮುಖ," ಅಂದ. ಅಳಿಸಕೂಡದು ಎಂದು ಇಲ್ಲಿ ಹೀಗೆ ಹೇಳುತ್ತಾರೆ. ಮೇಡಂ ಅವನನ್ನು ನೋಡಿದರು, ಬೋರ್ಡು ನೋಡಿದರು, ಮತ್ತೆ ಅವನನ್ನು ನೋಡಿದರು. ಅವರಿಬ್ಬರಿಗೆ ಎರಡು ವರ್ಷದ ಜಗಳವಂತೆ. ಅವರು ಕರಪತ್ರ ಹಂಚುವುದು, ಅವನು ಅದೇ ಕರಪತ್ರದಲ್ಲಿ ಮೊಟ್ಟೆ ಕಟ್ಟಿಕೊಂಡು ಹೋಗುವುದು.

ಆಗ ಮುತ್ತಣ್ಣನ ಹೆಂಡತಿ ಮಾರಕ್ಕ ಮೀನಿನ ಬುಟ್ಟಿ ಕೆಳಗಿಟ್ಟು, ಮೇಡಂ ಕೈ ಹಿಡಿದು ದಂಡೆಗೆ ಎಳೆದುಕೊಂಡು ಹೋದಳು. ನಾವೂ ಹಿಂದೆ ಹೋದೆವು. ಮರಳಿನಲ್ಲಿ ನಾಲ್ಕು ಕಡೆ ಕೋಲು ನೆಟ್ಟು ಮಾರಕ್ಕನ ಹಳೇ ಸೀರೆ ಸುತ್ತಿತ್ತು. ಒಳಗೆ ಆಮೆ ಮೊಟ್ಟೆಯಿಟ್ಟ ಗುಂಡಿಗಳು, ನಾಲ್ಕೂ ಹಾಗೇ ಇವೆ. ಹೋದ ವರ್ಷ ಈ ಹೊತ್ತಿಗೆ ಒಂದೂ ಉಳಿದಿರಲಿಲ್ಲವಂತೆ. ಬೋರ್ಡು ಬಂದ ಮರುದಿನದಿಂದ ಊರಿನ ಮಕ್ಕಳೆಲ್ಲ ಅವನನ್ನು ಆಮೆ ಮುತ್ತಣ್ಣ ಎಂದು ಕರೆಯತೊಡಗಿದ್ದಾರೆ. ಮೊದಲು ಎರಡು ದಿನ ಸಿಟ್ಟಾದ. ಮೂರನೇ ದಿನ ಬಸ್ಸಿನವರು ನಿಂತು ನಮಸ್ಕಾರ ಮಾಡಿದ ಮೇಲೆ ಸಿಟ್ಟು ಇಳಿಯಿತು. ಈಗ ಕೋಲು ಹಿಡಿದು ಕಾಯುತ್ತಾನೆ. "ಇಷ್ಟ್ ದೊಡ್ಡ ಬೋರ್ಡ್ ಹಾಕಿ, ನಾನೇ ಕದ್ರೆ ಮರ್ಯಾದಿ ಉಂಟಾ?" ಅನ್ನುತ್ತಾನೆ.

ಮೇಡಂ ನಾಲ್ಕು ಗುಂಡಿ ಎರಡು ಸಲ ಎಣಿಸಿದರು. ಉಳಿದ ಬೋರ್ಡುಗಳನ್ನೂ ನೋಡಿ ಬೆಂಗಳೂರಿನಲ್ಲಿ ನಿಮಗೇ ತಿಳಿಸುವುದಾಗಿ ಹೇಳಿ ಜೀಪು ಹತ್ತಿದರು. ನಾವು ಕಾಪುವಿಗೆ ಹೋಗುತ್ತೇವೆ. ಏನಾಯಿತೆಂದು ಬೇಗ ಬರೆಯಿರಿ, ನನಗೆ ಊಟ ಸೇರುತ್ತಿಲ್ಲ. ಅಕ್ತರನಿಗೆ ಸೇರುತ್ತಿದೆ. ಮಾರಕ್ಕ ಮುಳ್ಳು ಬಿಡಿಸಿ ಕೊಟ್ಟಳು.

ಹುಲಿಗೆಪ್ಪ

ಶಿವಾಜಿನಗರ
17-2-2003
(ಕಾಪು ಪೋಸ್ಟ್ ಆಫೀಸಿಗೆ)

ಹುಲಿಗೆಪ್ಪನಿಗೆ,

ಊಟ ಮಾಡು. ಬೋರ್ಡುಗಳು ಪಾಸಾದವು.

ವೈಷ್ಣವಿ ಶನಿವಾರ ಶೆಡ್ಡಿಗೆ ಬಂದಳು. ಜೊತೆಯಲ್ಲಿ ದತ್ತು. ನಿನ್ನ ಏಳು ಬೋರ್ಡಿನ ಫೋಟೋಗಳನ್ನು ಮೇಜಿನ ಮೇಲೆ ಹರಡಿದಳು. ಟ್ರಸ್ಟಿನವರಿಗೆಲ್ಲ ಇಷ್ಟವಾಗಿದೆಯಂತೆ, ಇನ್ನೂರು ಊರಿಗೆ ಬೇಕಂತೆ. ಅದಕ್ಕೇ ಈ ಫೋಟೋಗಳನ್ನೇ ಫ್ಲೆಕ್ಸ್ ಮಾಡಿಸುವುದಂತೆ. ದತ್ತು ನಗುತ್ತ ಟೇಪು ತೆಗೆದ. ಕೈಗೆ ಬಂದ ತುತ್ತನ್ನು ಅವನ ತಟ್ಟೆಗೆ ಬಡಿಸಿದ ಹಾಗಾಯಿತು.

ಆಮೇಲೆ ಕೇಳಿದೆ. "ಅಲ್ಲಮ್ಮಾ, ಮುತ್ತಣ್ಣ ಮರವಂತೆಯಲ್ಲಿ ಇದ್ದಾನೆ. ಮಲ್ಪೆಯವರಿಗೆ ಮುತ್ತಣ್ಣ ಯಾರು? ಅಲ್ಲಿ ಆ ಮೀಸೆ ನೋಡಿ ಯಾರಿಗೆ ನಾಚಿಕೆ ಆಗ್ಬೇಕು? ಅಲ್ಲಿ ಕದಿಯೋನು ಬೇರೆ ಇರ್ತಾನೆ. ಅವನ ಎದುರು ಏಣಿ ಹಾಕಿ ಕೂತು ಅವನ ಮುಖ ಹಿಡಿಬೇಕು. ಮೆಷಿನ್ನು ಹೋಗಿ ಕೂರತ್ತಾ?" ವೈಷ್ಣವಿ ಪೆನ್ನು ಕಚ್ಚಿಕೊಂಡು ಕೂತಳು. ದತ್ತು ಕರೆಂಟು, ಸ್ಪೀಡು ಎಂದು ಏನೇನೋ ಹೇಳಿದ. ಅವಳು ಕೇಳಿಸಿಕೊಳ್ಳಲಿಲ್ಲ. ಇವತ್ತು ಬೆಳಗ್ಗೆ ಟ್ರಸ್ಟಿನ ಕಾಗದ ಬಂತು. ಇನ್ನೂರಲ್ಲ, ವರ್ಷಕ್ಕೆ ಇಪ್ಪತ್ತು ಊರು, ಎರಡು ವರ್ಷ, ಎಲ್ಲ ಕೈಯಲ್ಲೇ ಬರೆಯಬೇಕು. ಶೆಡ್ಡು ಉಳಿಯಿತು. ಅದೇ ಟೇಪಿನಲ್ಲಿ ಪೈಜಾಮಾ ಅಳತೆ ತೆಗೆಸಿಕೋ ಎಂದು ದತ್ತುವಿಗೆ ಹೇಳಿ ಕಳಿಸಿದೆ.

ಈಗ ನಾನು ಒಪ್ಪಿಸುವ ಸರದಿ. ಹೋಗುವಾಗ ವೈಷ್ಣವಿ ಫೋಟೋ ಎತ್ತಿಕೊಂಡು, "ಈ ಕಣ್ಣು ಬರೆಯೋದನ್ನ ಇವ್ರಿಗೆ ಯಾರು ಕಲಿಸಿದ್ದು ಅಮ್ಮಾ?" ಎಂದು ಕೇಳಿದಳು. ನಾನು ಹೇಳಲಿಲ್ಲ. ನಿನಗೆ ಹೇಳುತ್ತೇನೆ.

ನಿನ್ನ ಉಸ್ತಾದರು ಶುಕ್ರವಾರದ ನಮಾಜು ಒಂದನ್ನೂ ತಪ್ಪಿಸಿದವರಲ್ಲ. ನಮಾಜಾದ ಮೇಲೆ ಸಂಜೆಯವರೆಗೆ ಮಸೀದಿಯ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ನೀನೂ ನೋಡಿದ್ದೀ. ಹಾಗಾದರೆ ಪರದೆಯ ಹಿಂದೆ ಕಣ್ಣು ಬರೆಯುತ್ತಿದ್ದವರು ಯಾರು ಎಂದು ಇಪ್ಪತ್ತಾರು ವರ್ಷ ನಿನ್ನ ತಲೆಗೆ ಹೊಳೆಯಲಿಲ್ಲ.

ಬಣ್ಣದಲ್ಲಿ ಅವರಂಥವರು ಇನ್ನೊಬ್ಬರಿಲ್ಲ. ಆದರೆ ಕಣ್ಣು ಬರುತ್ತಿರಲಿಲ್ಲ. ಮದುವೆಯಾದ ವರ್ಷ ಒಂದು ಬ್ಯಾನರಿನಲ್ಲಿ ಹೀರೋಯಿನ್ನಿಗೆ ಮೆಳ್ಳಗಣ್ಣಾಗಿ ಥಿಯೇಟರಿನವರು ಜಗಳಕ್ಕೆ ಬಂದರು. ಅವರು ತಲೆಯ ಮೇಲೆ ಕೈಹೊತ್ತು ಕೂತಿದ್ದರು, ನಾನು ಬ್ರಷ್ ತೆಗೆದುಕೊಂಡೆ. ಆಮೇಲೆ ಅದೇ ನಡೆದುಬಂತು. ಹೆಂಗಸು ಬರೆದಳು ಎಂದರೆ ಥಿಯೇಟರಿನವರು ಕೆಲಸ ಕೊಡರು ಎಂದು ಅವರಿಗೆ ಭಯ. ನನಗೂ ಇತ್ತು. ಬುತ್ತಿಯ ಚೀಲದಲ್ಲಿ ಬ್ರಷ್ ಇಟ್ಟುಕೊಂಡು ಬರುತ್ತಿದ್ದೆ. ಅವರು ಹೋದ ಮೇಲೆ ಹೇಳಬೇಕೆಂದುಕೊಂಡೆ. ನೀನು ಅವರ ಫೋಟೋಗೆ ಹಾರ ಹಾಕಿ ಆ ಕಣ್ಣುಗಳನ್ನು ಹೊಗಳುವುದನ್ನು ಕೇಳಿ ಸುಮ್ಮನಾದೆ. ಹೊಟ್ಟೆ ಉರಿಯುತ್ತಿತ್ತು, ಖುಷಿಯೂ ಆಗುತ್ತಿತ್ತು.

ಸಿಟ್ಟಾಗಬೇಡ.

ಜಹನಾರಾ

ಕಾಪು
21-2-2003

ಆಪಾ ಅವರಿಗೆ,

ಕಾಗದವನ್ನು ಲೈಟ್‌ಹೌಸಿನ ಕೆಳಗೆ ಕೂತು ಓದಿದೆ. ಶೆಡ್ಡು ಉಳಿದ ಸುದ್ದಿ ಓದಿ ನಕ್ಕೆ. ಮುಂದಿನದು ಓದಿ ಅತ್ತೆ. ಅಕ್ತರ್ ಯಾರೋ ತೀರಿಕೊಂಡರೆಂದು ತಿಳಿದು ತಾನೂ ಅತ್ತ. ಆಮೇಲೆ ಕಾರಣ ಕೇಳಿ ಬೈದ.

ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಇಪ್ಪತ್ತಾರು ವರ್ಷ ಆ ಕಣ್ಣುಗಳಿಗೆ ನಾನು ಹಾಕಿದ ನಮಸ್ಕಾರವೆಲ್ಲ ತಪ್ಪು ವಿಳಾಸಕ್ಕೆ ಹೋಯಿತಲ್ಲ. ಈಗ ಒಟ್ಟಿಗೇ ಸರಿ ವಿಳಾಸಕ್ಕೆ ಕಳಿಸುತ್ತಿದ್ದೇನೆ. ನಿಮ್ಮ ಬುತ್ತಿ ಚೀಲವನ್ನು ಮಾರುಕಟ್ಟೆಯ ಬಾಗಿಲಿನಿಂದ ಶೆಡ್ಡಿನವರೆಗೆ ಎಷ್ಟೋ ಸಲ ನಾನೇ ಹೊತ್ತುಕೊಟ್ಟಿದ್ದೇನೆ. ಸಾರಿನ ಜೊತೆ ಟರ್ಪೆಂಟೈನು ವಾಸನೆ ಬರುತ್ತಿತ್ತು. ಶೆಡ್ಡಿನ ಗಾಳಿ ಎಂದುಕೊಂಡೆ. ನನ್ನಂಥ ದಡ್ಡನಿಗೆ ಕಣ್ಣು ಬರೆಯುವ ಕೆಲಸ ಕೊಟ್ಟರಲ್ಲ.

ಕಂಬವಿಲ್ಲದ ಭಟ್ಕಳವೊಂದು ಬಿಟ್ಟರೆ ಕೊನೆಯ ಬೋರ್ಡು ಇಲ್ಲಿ ನಿಂತಿದೆ. ಕಡಲ ಹದ್ದು. ರೆಕ್ಕೆ, ಕೊಕ್ಕು, ಉಗುರು, ಉಗುರಿನಲ್ಲಿ ಮೀನು, ಎಲ್ಲ ಮುಗಿಸಿದೆ. ಕಣ್ಣು ಬರೆದಿಲ್ಲ. ಮೂರು ದಿನದಿಂದ ಕುರುಡು ಹದ್ದು ಮೀನು ಹಿಡಿದುಕೊಂಡು ಕೂತಿದೆ. ಬಣ್ಣ ಮುಗಿಯಿತೇ ಎಂದು ಜನ ಕೇಳುತ್ತಿದ್ದಾರೆ. ಇಲ್ಲ, ಕಣ್ಣಿಗೆ ಬೇರೆ ಉಸ್ತಾದರು ಇದ್ದಾರೆ, ಬೆಂಗಳೂರಿನಿಂದ ಬರುತ್ತಾರೆ ಎಂದಿದ್ದೇನೆ. ಊರಿನವರೆಲ್ಲ ನೋಡಲು ಬರುತ್ತಾರಂತೆ.

ಅಕ್ತರ್ ನಾಳೆ ಈ ಕಾಗದ ಹಿಡಿದು, ನಿಮ್ಮನ್ನು ಕರೆತರಲು ವ್ಯಾನು ತೆಗೆದುಕೊಂಡು ಹೊರಡುತ್ತಾನೆ. ಬ್ರೇಕು ಸರಿ ಮಾಡಿಸಿದ್ದೇನೆ. ಇಲ್ಲಿ ಪರದೆ ಇಲ್ಲ, ರಜೆ ಇಲ್ಲ, ಯಾರನ್ನೂ ಹೊರಗೆ ಕಳಿಸುವುದಿಲ್ಲ. ಎಲ್ಲರೂ ನಿಂತು ನೋಡುವಾಗ ನೀವು ಬರೆಯಬೇಕು. ನಿಮ್ಮ ನೋಯುವ ಮೊಣಕಾಲಿನ ಚಿಂತೆ ಬೇಡ, ಏಣಿ ನಾನು ಹಿಡಿಯುತ್ತೇನೆ. ಮಧ್ಯಾಹ್ನ ಬಿಸಿಲು ಜಾಸ್ತಿ, ಬೆಳಗ್ಗೆ ಏಳಕ್ಕೇ ಶುರು ಮಾಡೋಣ.

ನಿಮ್ಮ
ಹುಲಿಗೆಪ್ಪ